ಲಾನರ್ಖೈರಾನ್ ಎಂಬ ವಿಲ್ಲಾ

'ವಿಲ್ಲಾ' ಎಂಬುದು ಲ್ಯಾಟಿನ್ ಶಬ್ದ. ಪ್ರಾಚೀನ ರೋಮಕರಲ್ಲಿ ಅದು ನಗರದ ಹೊರಗೆ ಹೊಲತೋಟಗಳ ನಡುವಣ ಯಜಮಾನನ ಮನೆಗೆ ಹೆಸರು. ಹದಿನೆಂಟನೆಯ ಶತಮಾನದ ಬ್ರಿಟನ್ನಿನಲ್ಲಿ ಅಡಕವೂ ಅಂದವೂ ಆದ ಗ್ರಾಮನಿವಾಸಕ್ಕೆ ಈ ಹೆಸರು ಸಂದಿತು. ವೇಲ್ಸ್ ದೇಶದ ಪಶ್ಚಿಮ ತೀರದಲ್ಲಿರುವ ಅಬರೈರಾನ್ ಪಟ್ಟಣಕ್ಕೆ ಎರಡೂವರೆ ಮೈಲಿ ದೂರದ ಐರಾನ್ ನದಿಯ ಕಣಿವೆಯಲ್ಲಿ ಇಂಥದೊಂದು ವಿಲ್ಲಾ ನಿಂತಿದೆ. ಅದರ ಹೆಸರು ಲಾನರ್ಖೈರಾನ್.

ಇದನ್ನು ರಚಿಸಿದ ಜಾನ್ ನ್ಯಾಶನು ಲಂಡನ್ನಿನ ರೀಜೆಂಟ್ ಬೀದಿಯಿಂದ ಲೋಕಪ್ರಸಿದ್ಧನು. ಬ್ರೈಟನ್ ಅರಮನೆಗೆ ಭಾರತದ ಗುಮ್ಮಟಗಳ ರೂಪವನ್ನು ತೊಡಿಸಿದವನೂ ಇವನೇ. ಆದರೆ ಆ ಕೀರ್ತಿಯು ಆಮೇಲಿನದು. ಲಂಡನ್ನಿನಲ್ಲಿ ಲಾಭದ ಆಸೆಯಿಂದ ಮನೆಗಳನ್ನು ಕಟ್ಟಿ, 1783ರಲ್ಲಿ ದಿವಾಳಿಯಾಗಿ, ಅವನು ವೇಲ್ಸಿನ ಕಾರ್ಮಾರ್ಥನ್ ಪಟ್ಟಣವನ್ನು ಆಶ್ರಯಿಸಿದ್ದನು. ಅಲ್ಲಿ ಸೆರೆಮನೆಯನ್ನು ನಿರ್ಮಿಸಿದನು. ಸುತ್ತಣ ಭೂಮಾಲಿಕರ ಕರೆಗಳೂ ಬರತೊಡಗಿದವು. ಅವರಲ್ಲೊಬ್ಬನಾದ ವಿಲಿಯಂ ಲೂಯಿಸನಿಗಾಗಿ 1790ರ ದಶಕದಲ್ಲಿ ಈ ಮನೆಯನ್ನು ರಚಿಸಿದನು.

ಮುಂಭಾಗದಲ್ಲಿ ಆಡಂಬರವಿಲ್ಲ. ಎರಡು ಅಂತಸ್ತು, ಗಾರೆಯ ಗೋಡೆ, ಮುಂಚಾಚಿದ ಸೂರು, ಇಷ್ಟೆ. ಒಳಹೊಕ್ಕವರಿಗೆ ಮೇಲಿನಿಂದ ಬೆಳಕು ಬೀಳುವ ಸೋಪಾನವೂ, ಮಹಡಿಯಲ್ಲಿ ಅಂಡಾಕಾರದ ಪ್ರಸಾಧನಗೃಹವೂ ಕಾಣುತ್ತವೆ. ಶಿಲ್ಪವಿಮರ್ಶಕರು ಸಾಮಾನ್ಯವಾಗಿ ಇವನ್ನೇ ಹೊಗಳುವರು.

ನನ್ನ ಮತದಲ್ಲಿ ಅದು ಅರ್ಧ ಮನೆಯ ವರ್ಣನೆ ಮಾತ್ರ. ಹಿಂಭಾಗಕ್ಕೆ ಬಂದರೆ ಒಂದು ಅಂಗಳ. ಅದರ ಸುತ್ತ ಹಾಲುಬೆಣ್ಣೆಯ ಮನೆ, ಬಟ್ಟೆ ಒಗೆಯುವ ಮನೆ, ಬಿಯರ್ ತಯಾರಿಸುವ ಮನೆ, ಮಾಂಸಕ್ಕೆ ಉಪ್ಪು ಹಾಕುವ ಕೋಣೆ. ಹೊಲ, ತೋಟ, ಕೊಟ್ಟಿಗೆಗಳಿಂದ ಬಂದುದೆಲ್ಲವೂ ಇಲ್ಲಿ ಸಂಸ್ಕಾರ ಹೊಂದಿ ಮುಂದಿನ ಭೋಜನಶಾಲೆಯನ್ನು ಸೇರುತ್ತಿದ್ದಿತು. ಸಂಸ್ಕೃತ ಬಲ್ಲವರಿಗೆ ನಮ್ಮ ವಾಸ್ತುಶಾಸ್ತ್ರದ ಚತುಶ್ಶಾಲೆಯು ನೆನಪಾಗಬಹುದು. ಸಾಮ್ಯ ಉಂಟು, ಭೇದವೂ ಉಂಟು: ನಮ್ಮಲ್ಲಿ ಅಂಗಳವು ಗೃಹಸ್ಥನ ಬಾಳಿನ ನಡುಮನೆಯೇ ಸರಿ, ಇಲ್ಲಿ ಅದು ಸೇವಕರ ಪಾಲು, ಯಜಮಾನನ ಅತಿಥಿಗಳ ಕಣ್ಣಿಗೆ ಮರೆ. ಮುಂಭಾಗದ ಆ ಸರಳತೆಯು ಈ ಮರೆಯ ದುಡಿಮೆಯಿಂದಲೇ ಸಾಧ್ಯವಾದುದೆಂಬುದನ್ನು ಮರೆಯಲಾಗದು.

ಇಪ್ಪತ್ತನೆಯ ಶತಮಾನದಲ್ಲಿ ವೇಲ್ಸಿನ ಇಂಥ ಅನೇಕ ಮನೆಗಳು ನೆಲಸಮವಾದುವು. ಉಳಿದವುಗಳಲ್ಲಿಯೂ ಆಳುಗಳು ಇಲ್ಲವಾದ ಮೇಲೆ ಹಿಂಭಾಗಕ್ಕೆ ಬೆಲೆಯಿರಲಿಲ್ಲ. ಲಾನರ್ಖೈರಾನ್ ಮಾತ್ರ ಹೆಚ್ಚಿನ ಬದಲಾವಣೆ ಕಾಣದೆ ಅದೇ ವಂಶದ ಕೈಯಲ್ಲಿದ್ದು, 1989ರಲ್ಲಿ ಕೊನೆಯ ಒಡೆಯನ ಉಯಿಲಿನಂತೆ ನ್ಯಾಶನಲ್ ಟ್ರಸ್ಟ್ ಎಂಬ ಸಂರಕ್ಷಣ ಸಂಸ್ಥೆಗೆ ಸೇರಿತು. ಮನೆಯೊಡನೆ ಅಂಗಳವೂ, ಗೋಡೆಕಟ್ಟಿದ ಹಣ್ಣುಕಾಯಿಗಳ ತೋಟವೂ, ಹೊಲಮನೆಯೂ ಒಂದಾಗಿಯೇ ಉಳಿದಿವೆ.