ಬಾಟಲಿ ಮರಳುತ್ತಿದ್ದ ದಾರಿ

ಗೋಲಿ ಸೋಡಾದ ಬಾಟಲಿ ಬೀದಿಯ ಕಸವಾಗಿದ್ದು ಅಪರೂಪ. ಅಂಗಡಿ ಮುಂದೆ ನಿಂತು ಕುಡಿದು ಖಾಲಿ ಬಾಟಲಿಯನ್ನು ಅಲ್ಲೇ ಕೊಟ್ಟು ಹೋಗುವುದು ವಾಡಿಕೆ. ಮನೆಗೆ ಒಯ್ಯುವವರು ಡಿಪಾಸಿಟ್ ಇಡಬೇಕಿತ್ತು. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಈ ಬಾಟಲಿಯ ಕೊರಳನ್ನು ಗೋಲಿ ಕೂರುವಂತೆ ತಿದ್ದುವುದು ಸುಲಭದ ಕೆಲಸವಾಗಿರಲಿಲ್ಲ, ಹಾಗಾಗಿ ಒಳಗಿನ ಸೋಡಾಕ್ಕಿಂತ ಹೊರಗಿನ ಗಾಜೇ ದುಬಾರಿ. ಗೋಲಿಯ ಆಸೆಗೆ ಹುಡುಗರು ಬಾಟಲಿ ಒಡೆಯುತ್ತಿದ್ದದ್ದೂ ಉಂಟು. ಆದರೆ ಬಾಟಲಿ ವಾಪಸು ಬಾರದಿದ್ದರೆ ಸೋಡಾದವನಿಗೆ ವ್ಯಾಪಾರವೇ ಇಲ್ಲ. ಅದನ್ನು ಹಿಂದಕ್ಕೆ ತರಿಸಿಕೊಳ್ಳುವ ಉಪಾಯವನ್ನೂ ಅವನೇ ಹೂಡಬೇಕಿತ್ತು. ಮುಂದೆ ಗೋಲ್ಡ್ ಸ್ಪಾಟ್, ಥಮ್ಸ್ ಅಪ್ ಬಂದಾಗಲೂ ತುಂಬಿದ ಕ್ರೇಟು ಇಳಿಸಿದ ಲಾರಿ ಖಾಲಿ ಕ್ರೇಟು ಹೇರಿಕೊಂಡೇ ಹೊರಡುತ್ತಿತ್ತು. ಆದ್ದರಿಂದ ಪ್ಲಾಸ್ಟಿಕ್ ಕಸದ ಚರಿತ್ರೆಯನ್ನು ಪ್ಲಾಸ್ಟಿಕ್‌ನಿಂದ ಶುರುಮಾಡುವುದು ಸರಿಯಲ್ಲ ಎಂಬುದು ನನ್ನ ವಾದ. ಮೊದಲು ಮುರಿದುಬಿದ್ದದ್ದು ಈ ವಾಪಸು ದಾರಿ. ಪ್ಲಾಸ್ಟಿಕ್ ಬಂದದ್ದು ಆಮೇಲೆ.

ಆ ದಾರಿ ಹೇಗೆ ಮುರಿಯಿತೆಂಬುದಕ್ಕೆ ಅಮೆರಿಕದ ದಾಖಲೆ ಸ್ಪಷ್ಟವಾಗಿದೆ. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಪಾನೀಯ ಕಂಪನಿಗಳು ದೊಡ್ಡದಾದವು, ಊರೂರಿನ ಸಣ್ಣ ಕಾರ್ಖಾನೆಗಳು ಮುಚ್ಚಿದವು. ನೂರಾರು ಮೈಲಿ ದೂರದಿಂದ ಖಾಲಿ ಬಾಟಲಿ ಹೊತ್ತು ತಂದು ತೊಳೆಯುವ ಬದಲು, ಒಮ್ಮೆ ಕುಡಿದು ಎಸೆಯುವ ಡಬ್ಬಿ ಮತ್ತು ಬಾಟಲಿ ಅವರಿಗೆ ಅಗ್ಗವಾಯಿತು. ಇವೆಲ್ಲ ಗಾಜು ಮತ್ತು ತಗಡಿನವು, ಪ್ಲಾಸ್ಟಿಕ್ ಇನ್ನೂ ಕಣಕ್ಕಿಳಿದಿರಲಿಲ್ಲ. ಹೈನುಗಾರಿಕೆಯ ನಾಡಾದ ವರ್ಮಾಂಟ್‌ನ ರೈತರು, ದಾರಿಹೋಕರು ಹೊಲಕ್ಕೆ ಎಸೆದ ಬಾಟಲಿಗಳ ಚೂರು ಮೇವಿನಲ್ಲಿ ಸೇರಿ ದನಗಳ ಹೊಟ್ಟೆ ಸೇರುತ್ತಿದೆ ಎಂದು ದೂರಿದರು. 1953ರಲ್ಲಿ ಆ ರಾಜ್ಯ ಮರುಬಳಕೆಯಾಗದ ಬಾಟಲಿಯಲ್ಲಿ ಬಿಯರ್ ಮಾರುವುದನ್ನೇ ನಿಷೇಧಿಸಿತು. ಅದೇ ವರ್ಷ ಡಬ್ಬಿ ಮತ್ತು ಬಾಟಲಿ ತಯಾರಕರು ಕೂಡಿ 'ಕೀಪ್ ಅಮೆರಿಕ ಬ್ಯೂಟಿಫುಲ್' ಎಂಬ ಸಂಸ್ಥೆ ಕಟ್ಟಿದರು. ಬಾಟಲಿಯದೇನೂ ತಪ್ಪಿಲ್ಲ, ಎಸೆಯುವವನದೇ ತಪ್ಪು ಎಂಬುದು ಅದರ ಪ್ರಚಾರದ ತಿರುಳು. ವರ್ಮಾಂಟ್‌ನ ಕಾನೂನು 1957ಕ್ಕೆ ಕೊನೆಗೊಂಡಿತು. ಸಂಸ್ಥೆ ಮಾತ್ರ ಬಾಳಿತು. 1971ರಲ್ಲಿ ಅದು ಹೊರತಂದ ಟಿವಿ ಜಾಹೀರಾತಿನಲ್ಲಿ ಆದಿವಾಸಿ ಉಡುಪಿನ ಮನುಷ್ಯನೊಬ್ಬ ಕಸ ಕಂಡು ಕಣ್ಣೀರು ಸುರಿಸುತ್ತಾನೆ. (ಆ ನಟ ಇಟಲಿ ಮೂಲದವನು. ಕಣ್ಣೀರೂ ವೇಷವೇ.) ನೋಡಿದವರು ತಮ್ಮನ್ನು ತಾವೇ ಹಳಿದುಕೊಂಡರು. ಅದೇ ವರ್ಷ ಆರೆಗಾನ್ ರಾಜ್ಯ, ಕಣ್ಣೀರಿನ ಗೊಡವೆಗೆ ಹೋಗದೆ, ಬಾಟಲಿಗೆ ಐದು ಸೆಂಟ್ ಡಿಪಾಸಿಟ್ ಕಡ್ಡಾಯ ಮಾಡಿತು.

ಇಷ್ಟಾದ ಮೇಲೆ ಬಂದದ್ದು ಪ್ಲಾಸ್ಟಿಕ್ ಬಾಟಲಿ. ಡ್ಯೂಪಾಂಟ್ ಕಂಪನಿಯ ನಥೇನಿಯಲ್ ವೈಯತ್ 1973ರಲ್ಲಿ ಪೆಟ್ ಬಾಟಲಿಗೆ ಪೇಟೆಂಟ್ ಪಡೆದ. ಸೋಡಾದ ಒತ್ತಡ ತಾಳುವ, ಬಿದ್ದರೆ ಒಡೆಯದ, ಹೂವಿನಷ್ಟು ಹಗುರ ವಸ್ತು. ಹಿಂದಕ್ಕೆ ಕೇಳುವವರು ಆಗಲೇ ಇರಲಿಲ್ಲ. 1988ರಲ್ಲಿ ಪ್ಲಾಸ್ಟಿಕ್ ಉದ್ಯಮ ತನ್ನ ಸಾಮಾನಿನ ತಳದಲ್ಲಿ ಮೂರು ಬಾಣಗಳ ತ್ರಿಕೋನ, ನಡುವೆ ಒಂದರಿಂದ ಏಳರವರೆಗಿನ ಅಂಕಿ ಅಚ್ಚೊತ್ತತೊಡಗಿತು. ಅಂಕಿ ಹೇಳುವುದು ಅದು ಯಾವ ಜಾತಿಯ ಪ್ಲಾಸ್ಟಿಕ್ ಎಂಬುದನ್ನಷ್ಟೇ. ಬಾಣಗಳನ್ನು ಕಂಡ ಜನ ಇದೆಲ್ಲ ಮತ್ತೆ ಬಳಕೆಗೆ ಬರುತ್ತದೆಂದು ನಂಬಿದರು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಲೆಕ್ಕ ಬೇರೆ: 2015ರವರೆಗೆ ಜಗತ್ತಿನಲ್ಲಿ ಕಸವಾದ ಸುಮಾರು 630 ಕೋಟಿ ಟನ್ ಪ್ಲಾಸ್ಟಿಕ್‌ನಲ್ಲಿ ಮರುಬಳಕೆಗೆ ಸಂಸ್ಕರಿಸಿದ್ದು ಶೇ. 9 ಮಾತ್ರ. ಶ್ರೀಮಂತ ದೇಶಗಳು ಬೇರ್ಪಡಿಸಿಟ್ಟ ಕಸದ ದೊಡ್ಡ ಪಾಲು ಹಡಗೇರಿ ಚೀನಾಕ್ಕೆ ಹೋಗುತ್ತಿತ್ತು. 2018ರಲ್ಲಿ ಚೀನಾ ಬಾಗಿಲು ಹಾಕಿದಾಗ ಅದು ಮಲೇಷ್ಯಾ, ವಿಯೆಟ್ನಾಂ ಕಡೆಗೆ ತಿರುಗಿತು. ಇದನ್ನು ಮರಳುವುದು ಎನ್ನಲಾಗದು. ನೆರೆಯ ಹಿತ್ತಿಲಿಗೆ ತಳ್ಳುವುದು.

ಗಾಜು ಭಾರ, ಅದನ್ನು ಹೊತ್ತು ತಿರುಗಲು ಸುಡುವ ಡೀಸೆಲ್ ಹೊಗೆಯಲ್ಲವೇ ಎಂದು ಕೇಳುವವರಿದ್ದಾರೆ. ದೂರದ ಸಾಗಣೆಗೆ ಈ ಮಾತು ನಿಜ. ಆದರೆ ನಾನು ಗಾಜಿನ ಪರ ವಕಾಲತ್ತು ಮಾಡುತ್ತಿಲ್ಲ. ಜರ್ಮನಿ 2003ರಿಂದ ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿಗೂ ಡಿಪಾಸಿಟ್ ಹೇರಿತು, ಇಂದು ಅದು 25 ಸೆಂಟ್. ಅಲ್ಲಿ ಬಾಟಲಿಗಳು ಹೆಚ್ಚುಕಡಿಮೆ ಎಲ್ಲವೂ ಅಂಗಡಿಗೆ ಮರಳುತ್ತವೆ. ವಸ್ತು ಯಾವುದೆಂಬುದಕ್ಕಿಂತ ಅದಕ್ಕೆ ಕಟ್ಟಿದ ಬೆಲೆ ಮುಖ್ಯ. ನಮ್ಮ ಜನಕ್ಕೆ ಶಿಸ್ತಿಲ್ಲ ಎಂಬುದು ಇನ್ನೊಂದು ಆಕ್ಷೇಪ. ಗೋಲಿ ಸೋಡಾದ ಬಾಟಲಿ ಹಿಂದಿರುಗಿಸುತ್ತಿದ್ದವರೂ ಇದೇ ಜನ. ಇವತ್ತಿಗೂ ನೋಡಿ: ಗುಜರಿ ಅಂಗಡಿಯಲ್ಲಿ ಕಾಸು ಹುಟ್ಟುವುದರಿಂದ ನೀರಿನ ಬಾಟಲಿಯನ್ನು ಚಿಂದಿ ಆಯುವವರು ಎತ್ತಿಕೊಳ್ಳುತ್ತಾರೆ, ಕಾಸು ಹುಟ್ಟದ ಚಿಪ್ಸ್ ಪೊಟ್ಟಣ, ಶಾಂಪೂ ಸ್ಯಾಷೆ ಮೋರಿಯಲ್ಲಿ ಕೊಳೆಯದೆ ಕೂರುತ್ತವೆ. ಹಾಗಿದ್ದರೆ ಗುಜರಿಯೇ ಸಾಕಲ್ಲ ಎಂದರೆ, ಸಾಲದು. ಅಲ್ಲಿ ವಾಪಸಾತಿಯ ಖರ್ಚನ್ನು ಭರಿಸುವುದು ತಯಾರಕನ ಲೆಕ್ಕಪುಸ್ತಕವಲ್ಲ, ಬರಿಗೈಯಲ್ಲಿ ಕಸ ಕೆದಕುವವರ ಮೈ. ತಯಾರಕರ ಹೊಣೆಯನ್ನು ನಮ್ಮ 2016ರ ಪ್ಲಾಸ್ಟಿಕ್ ನಿಯಮಗಳು ಕಾಗದದ ಮೇಲೇನೋ ಹೇಳಿವೆ.

ನೀಲಗಿರಿಯಲ್ಲಿ ಈ ಹೊಣೆ ಕಾಗದದಿಂದ ಕೆಳಗಿಳಿದಿದೆ. ಕಾಡಿನಲ್ಲಿ ಬಿದ್ದ ಮದ್ಯದ ಬಾಟಲಿಗಳ ಗಾಜು ಆನೆಗಳ ಕಾಲಿಗೆ ಚುಚ್ಚುತ್ತಿದೆ ಎಂಬ ಕಳವಳ ಮದ್ರಾಸ್ ಹೈಕೋರ್ಟಿನ ಮುಂದೆ ಬಂತು. ಅದರ ಸೂಚನೆಯಂತೆ 2022ರಿಂದ ಆ ಜಿಲ್ಲೆಯ ಸರ್ಕಾರಿ ಮದ್ಯದಂಗಡಿಗಳು ಬಾಟಲಿಗೆ ಹತ್ತು ರೂಪಾಯಿ ಹೆಚ್ಚು ಪಡೆದು, ಖಾಲಿ ತಂದುಕೊಟ್ಟರೆ ಹಿಂದಿರುಗಿಸತೊಡಗಿದವು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಬಾಟಲಿ ಮರಳಿದವು. ವರ್ಮಾಂಟ್‌ನಲ್ಲಿ ದನ, ಇಲ್ಲಿ ಆನೆ. ಅಲ್ಲಿಯ ಕಾನೂನು ನಾಲ್ಕೇ ವರ್ಷಕ್ಕೆ ಮುಗಿಯಿತು. ಇಲ್ಲಿಯ ಪದ್ಧತಿ ತಮಿಳುನಾಡಿನ ಬೇರೆ ಜಿಲ್ಲೆಗಳಿಗೂ ಹಬ್ಬಿದೆ.