ಮಕ್ಕಳ ಜತೆ ಹಂಗೇರಿ ಅಡುಗೆ: ರಮ್ ಹಾಕಿದ ಬಿಸ್ಕತ್ತು ಉಂಡೆ, ಹಸಿ ಹಿಟ್ಟು, ಗಸಗಸೆ – ಯಾವುದು ಸರಿ, ಯಾವುದು ತಪ್ಪು?

ಒಲೆ ಬೇಡ, ಓವನ್ ಬೇಡ, ಬಿಸ್ಕತ್ತು ಪುಡಿ ಮಾಡಿ ಉಂಡೆ ಕಟ್ಟಿದರೆ ಸಿಹಿ ಸಿದ್ಧ. ರಜೆ ಬಂತೆಂದರೆ ಇಂಥ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಲೇ ಇರುತ್ತವೆ. ಈ ಉಂಡೆಗೆ ಹಂಗೇರಿಯಲ್ಲಿ ‘ಕೆಕ್ಸ್‌ಗೊಯೋ’ ಎನ್ನುತ್ತಾರೆ. ಅಲ್ಲಿನ ಮನೆಗಳಲ್ಲಿ, ಅದರಲ್ಲೂ ಕ್ರಿಸ್‌ಮಸ್ ಹೊತ್ತಿಗೆ, ಮಕ್ಕಳೇ ಕೂತು ಇದನ್ನು ಕಟ್ಟುತ್ತಾರೆ. ಆದರೆ ದೊಡ್ಡವರಿಗಾಗಿ ಮಾಡುವಾಗ ಇದಕ್ಕೆ ರಮ್ ಸೇರಿಸುವುದುಂಟು. ‘ಸ್ವಲ್ಪ ತಾನೆ, ಏನೂ ಆಗುವುದಿಲ್ಲ’ ಎಂದು ಅದೇ ಉಂಡೆಯನ್ನು ಮಗುವಿನ ಕೈಗೂ ಕೊಡಬಹುದೇ?

ಹಂಗೇರಿಯ ಮನೆ ಅಡುಗೆಯಲ್ಲಿ ಮಕ್ಕಳು ಕೈಜೋಡಿಸಬಹುದಾದ ನಾಲ್ಕು ಸರಳ ತಿನಿಸುಗಳನ್ನು ನಾವು ಇಲ್ಲಿ ವಿವರಿಸಿದ್ದೇವೆ. ಜತೆಗೆ ಪ್ರತಿಯೊಂದರ ಸುತ್ತ ಇರುವ ತಪ್ಪು ನಂಬಿಕೆಗಳನ್ನೂ ಪರಿಶೀಲಿಸಿದ್ದೇವೆ.

1. ಲೆಚೋ: ಕೆಂಪಗಿದ್ದರೆ ಖಾರ ಎಂದೇ ಅರ್ಥವೇ?

ಲೆಚೋ ಎಂದರೆ ಈರುಳ್ಳಿ, ದೊಣ್ಣೆಮೆಣಸಿನಕಾಯಿ, ಟೊಮೆಟೊ ಮತ್ತು ಪಾಪ್ರಿಕಾ ಪುಡಿ ಹಾಕಿ ಬೇಯಿಸುವ ಗೊಜ್ಜಿನಂಥ ಪದಾರ್ಥ. ಅಲ್ಲಿ ಹಂದಿ ಕೊಬ್ಬು ಅಥವಾ ಸಾಸೇಜ್ ಹಾಕುವ ರೂಢಿ ಇದೆ, ಆದರೆ ಅದು ಕಡ್ಡಾಯವಲ್ಲ. ಎಣ್ಣೆಯಲ್ಲೇ ಮಾಡಬಹುದು.

ನಾಲ್ವರಿಗೆ: ಈರುಳ್ಳಿ 2, ದೊಣ್ಣೆಮೆಣಸಿನಕಾಯಿ 500 ಗ್ರಾಂ, ಟೊಮೆಟೊ 250 ಗ್ರಾಂ, ಪಾಪ್ರಿಕಾ ಪುಡಿ 2 ಚಮಚ, ಎಣ್ಣೆ 2 ದೊಡ್ಡ ಚಮಚ, ಉಪ್ಪು. ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಮೆತ್ತಗಾಗುವವರೆಗೆ ಬಾಡಿಸಿ. ಬಾಣಲೆಯನ್ನು ಒಲೆಯಿಂದ ಇಳಿಸಿ ಪಾಪ್ರಿಕಾ ಹಾಕಿ ಕಲಸಿ. ಕೂಡಲೇ ಟೊಮೆಟೊ, ಮೆಣಸಿನಕಾಯಿ ಸೇರಿಸಿ ಮತ್ತೆ ಒಲೆಗೇರಿಸಿ, ಮುಚ್ಚಿ ಬೇಯಿಸಿ.

ಇಳಿಸುವುದೇಕೆ? ಪಾಪ್ರಿಕಾದಲ್ಲಿ ಸಕ್ಕರೆ ಅಂಶ ಹೆಚ್ಚು. ಬಿಸಿ ಎಣ್ಣೆಯಲ್ಲಿ ಅದು ಬೇಗ ಸೀದು ಕಹಿಯಾಗುತ್ತದೆ. ಆದರೆ ಅದರ ಕೆಂಪು ಬಣ್ಣ ಬಿಡುವುದು ಎಣ್ಣೆಯಲ್ಲೇ, ಏಕೆಂದರೆ ಕ್ಯಾಪ್ಸ್ಯಾಂತಿನ್‌ನಂಥ ಬಣ್ಣದ ಅಂಶಗಳು ಕೊಬ್ಬಿನಲ್ಲಿ ಕರಗುತ್ತವೆ, ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ಎಣ್ಣೆ ಬೇಕು, ಉರಿ ಬೇಡ.

ನಂಬಿಕೆ: ಕೆಂಪು ಹೆಚ್ಚಿದ್ದಷ್ಟೂ ಖಾರ ಹೆಚ್ಚು. ವಾಸ್ತವ: ತಪ್ಪು. ಬಣ್ಣ ಕೊಡುವ ಅಂಶ ಬೇರೆ, ಖಾರ ಕೊಡುವ ಕ್ಯಾಪ್ಸೈಸಿನ್ ಬೇರೆ. ಹಂಗೇರಿಯ ಸೆಗೆಡ್ ಮತ್ತು ಕಲೊಚಾ ಪಟ್ಟಣಗಳು ಪಾಪ್ರಿಕಾಕ್ಕೆ ಹೆಸರುವಾಸಿ. ಅಲ್ಲಿ ಖಾರವೇ ಇಲ್ಲದ ‘ಸಿಹಿ’ ಪಾಪ್ರಿಕಾ ಸಿಗುತ್ತದೆ, ಖಾರದ್ದೂ ಸಿಗುತ್ತದೆ. ಮಕ್ಕಳಿಗೆ ಸಿಹಿಯದೇ ಸರಿ. ನಮ್ಮ ಬ್ಯಾಡಗಿ ಮೆಣಸಿನಕಾಯಿಯೂ ಇದೇ ಜಾತಿಯ ಸಸ್ಯ. ಬಣ್ಣ ಜಾಸ್ತಿ, ಖಾರ ಕಡಿಮೆ ಎನ್ನುವುದೇ ಅದರ ಗುಣ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಪಾಪ್ರಿಕಾ ಸಿಗದಿದ್ದರೆ ಬ್ಯಾಡಗಿ ಪುಡಿ ಬಳಸಬಹುದು. ಆದರೆ ಅದು ಪೂರ್ತಿ ಸಪ್ಪೆಯಲ್ಲ, ಆದ್ದರಿಂದ ಅರ್ಧ ಚಮಚದಿಂದ ಶುರು ಮಾಡಿ.

ನಂಬಿಕೆ: ಖಾರ ಇರುವುದು ಬೀಜದಲ್ಲಿ. ವಾಸ್ತವ: ಪೂರ್ತಿ ನಿಜವಲ್ಲ. ಕ್ಯಾಪ್ಸೈಸಿನ್ ಹೆಚ್ಚಾಗಿ ಇರುವುದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಅದು ತಾಗಿದ್ದರಿಂದ ಬೀಜವೂ ಖಾರವೆನಿಸುತ್ತದೆ. ಮೆಣಸಿನಕಾಯಿ ಮುಟ್ಟಿದ ಮಗು ಕಣ್ಣು ಉಜ್ಜಿಕೊಳ್ಳುವ ಮೊದಲೇ ಸೋಪು ಹಾಕಿ ಕೈ ತೊಳೆಸಿ. ಬರೀ ನೀರಿಗೆ ಖಾರ ಹೋಗುವುದಿಲ್ಲ.

ನಂಬಿಕೆ: ಕೆಂಪು ಪುಡಿ ಶುದ್ಧವೇ ಎಂದು ನೀರಿನಲ್ಲಿ ಹಾಕಿದರೆ ಗೊತ್ತಾಗುತ್ತದೆ. ವಾಸ್ತವ: ಅರ್ಧ ಸತ್ಯ. ಲೋಟದ ನೀರಿನ ಮೇಲೆ ಪುಡಿ ಉದುರಿಸಿದಾಗ ಬಣ್ಣದ ಗೆರೆಗಳು ಕೆಳಗಿಳಿದರೆ ನೀರಿನಲ್ಲಿ ಕರಗುವ ಕೃತಕ ಬಣ್ಣ ಇದೆ ಎಂದರ್ಥ. ಆದರೆ ಸುಡಾನ್ ಬಣ್ಣಗಳು ಎಣ್ಣೆಯಲ್ಲಿ ಕರಗುವಂಥವು. ಅವು ಈ ಪರೀಕ್ಷೆಗೆ ಸಿಗುವುದಿಲ್ಲ. ಸೀಸವೂ ಸಿಗುವುದಿಲ್ಲ. 1994ರಲ್ಲಿ ಹಂಗೇರಿಯಲ್ಲೇ ಪಾಪ್ರಿಕಾ ಪುಡಿಗೆ ಕೆಂಪು ಸೀಸದ ಆಕ್ಸೈಡ್ ಬೆರೆಸಿದ್ದು ಪತ್ತೆಯಾಗಿ, ಜನ ಅಸ್ವಸ್ಥರಾಗಿದ್ದರು. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಅಲ್ಪ ಪ್ರಮಾಣದಲ್ಲೂ ಹಾನಿಕರ. ಆದ್ದರಿಂದ ಲೋಟದ ಪರೀಕ್ಷೆಯನ್ನೇ ನಂಬಿ ಕೂರಬೇಡಿ. ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇರುವ ಪ್ಯಾಕೆಟ್ ಕೊಳ್ಳಿ, ಅಥವಾ ಮೆಣಸಿನಕಾಯಿ ತಂದು ಮಿಲ್ಲಿನಲ್ಲಿ ಪುಡಿ ಮಾಡಿಸಿ.

ನಂಬಿಕೆ: ಪಾಪ್ರಿಕಾ ಅಡುಗೆ ತಿಂದರೆ ಶೀತ ಬರುವುದಿಲ್ಲ. ವಾಸ್ತವ: ತಪ್ಪು. ಇದರ ಹಿಂದೆ ಒಂದು ನಿಜ ಸಂಗತಿ ಇದೆ. ಸೆಗೆಡ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಆಲ್ಬರ್ಟ್ ಸೆಂಟ್-ಜ್ಯೋರ್ಜಿ 1930ರ ದಶಕದಲ್ಲಿ ತಾಜಾ ಪಾಪ್ರಿಕಾ ಕಾಯಿಯಿಂದ ವಿಟಮಿನ್ ಸಿ ಅನ್ನು ದೊಡ್ಡ ಪ್ರಮಾಣದಲ್ಲಿ ಬೇರ್ಪಡಿಸಿದರು. 1937ರಲ್ಲಿ ಅವರಿಗೆ ವೈದ್ಯಕೀಯ ನೊಬೆಲ್ ಬಂತು. ಆದರೆ ವಿಟಮಿನ್ ಸಿ ಬಿಸಿಗೆ ನಾಶವಾಗುತ್ತದೆ, ಬೇಯಿಸಿದಾಗ ಒಂದಷ್ಟು ಭಾಗ ಕಡಿಮೆಯಾಗುತ್ತದೆ. ಸಾಮಾನ್ಯ ಜನರಲ್ಲಿ ಅದು ಶೀತ ಬರದಂತೆ ತಡೆಯುತ್ತದೆ ಎನ್ನುವುದೂ ಅಧ್ಯಯನಗಳಲ್ಲಿ ಸಾಬೀತಾಗಿಲ್ಲ. ಲೆಚೋವನ್ನು ರುಚಿಗೆ ತಿನ್ನಿ, ಔಷಧಿ ಎಂದಲ್ಲ.

2. ಪಲಚಿಂತಾ: ಹಸಿ ಹಿಟ್ಟು ನೆಕ್ಕಿದರೆ ಏನಾಗುತ್ತದೆ?

ಪಲಚಿಂತಾ ನಮ್ಮ ನೀರುದೋಸೆಯಷ್ಟೇ ತೆಳ್ಳಗಿನ ಮೈದಾ ದೋಸೆ. ಒಳಗೆ ಏಪ್ರಿಕಾಟ್ ಜಾಮ್, ಕೋಕೋ-ಸಕ್ಕರೆ ಅಥವಾ ‘ತೂರೋ’ ಎಂಬ ಗಿಣ್ಣನ್ನು ಹರಡಿ ಸುರುಳಿ ಸುತ್ತುತ್ತಾರೆ. ತೂರೋ ಸಿಗದಿದ್ದರೆ ಮನೆಯಲ್ಲೇ ಹಾಲು ಒಡೆಸಿ ಮಾಡಿದ ಮೆತ್ತನೆಯ ಪನೀರ್‌ಗೆ ಸಕ್ಕರೆ, ನಿಂಬೆ ಸಿಪ್ಪೆಯ ತುರಿ ಬೆರೆಸಬಹುದು.

ಸುಮಾರು 10–12 ದೋಸೆಗೆ: ಮೈದಾ 200 ಗ್ರಾಂ, ಮೊಟ್ಟೆ 2, ಹಾಲು 300 ಮಿ.ಲೀ., ಸೋಡಾ ನೀರು 150 ಮಿ.ಲೀ., ಎಣ್ಣೆ 1 ದೊಡ್ಡ ಚಮಚ, ಚಿಟಿಕೆ ಉಪ್ಪು. ಸೋಡಾ ಬಿಟ್ಟು ಉಳಿದದ್ದನ್ನು ಗಂಟಿಲ್ಲದಂತೆ ಕಲಸಿ ಅರ್ಧ ಗಂಟೆ ಬಿಡಿ. ಹಿಟ್ಟು ನೀರು ಹೀರಿಕೊಳ್ಳಲು, ಅಂಟಿನಂಶ ಸಡಿಲವಾಗಲು ಈ ಸಮಯ ಬೇಕು. ಹುಯ್ಯುವ ಮುಂಚೆ ಸೋಡಾ ಸೇರಿಸಿ. ಅದರ ಗುಳ್ಳೆಗಳಿಂದ ದೋಸೆ ಹಗುರವಾಗುತ್ತದೆ. ಕಲಸುವುದು, ಜಾಮ್ ಹಚ್ಚುವುದು, ಸುತ್ತುವುದು ಮಕ್ಕಳ ಕೆಲಸ. ಕಾವಲಿ ದೊಡ್ಡವರದ್ದು.

ನಂಬಿಕೆ: ಮೊಟ್ಟೆ ಹಾಕದಿದ್ದರೆ ಹಸಿ ಹಿಟ್ಟು ತಿಂದರೂ ತೊಂದರೆ ಇಲ್ಲ. ವಾಸ್ತವ: ತಪ್ಪು. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇರಬಹುದು ಎನ್ನುವುದು ಹಲವರಿಗೆ ಗೊತ್ತು. ಆದರೆ ಮೈದಾ, ಗೋಧಿ ಹಿಟ್ಟುಗಳೂ ಹಸಿ ಪದಾರ್ಥಗಳೇ. ಹೊಲದಲ್ಲಿ ಗೋಧಿಗೆ ತಾಗಿದ ರೋಗಾಣುಗಳು ಬೀಸಿದ ಮಾತ್ರಕ್ಕೆ ಸಾಯುವುದಿಲ್ಲ. 2016ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಹರಡಿದ ಇ. ಕೋಲಿ ಸೋಂಕಿನ ಮೂಲ ಮೈದಾ ಎಂದು ಪತ್ತೆಯಾಗಿತ್ತು. ಮಗು ಹಿಟ್ಟಿನ ಬೆರಳು ಚೀಪದಂತೆ ನೋಡಿಕೊಳ್ಳಿ, ಕೆಲಸ ಮುಗಿದ ಮೇಲೆ ಕೈ ತೊಳೆಸಿ. ಬೆಂದ ಮೇಲೆ ಭಯವಿಲ್ಲ.

3. ಕೆಕ್ಸ್‌ಗೊಯೋ: ರಮ್ ಆವಿಯಾಗಿ ಹೋಗುತ್ತದೆಯೇ?

ಸುಮಾರು 25 ಉಂಡೆಗೆ: ಸಾದಾ ಸಿಹಿ ಬಿಸ್ಕತ್ತು 250 ಗ್ರಾಂ, ಮೆತ್ತನೆಯ ಬೆಣ್ಣೆ 100 ಗ್ರಾಂ, ಪುಡಿ ಸಕ್ಕರೆ 60 ಗ್ರಾಂ, ಕೋಕೋ 2 ದೊಡ್ಡ ಚಮಚ, ಕಾಯಿಸಿ ಆರಿಸಿದ ಹಾಲು 4–6 ದೊಡ್ಡ ಚಮಚ, ಹೊರಳಿಸಲು ಒಣ ಕೊಬ್ಬರಿ ತುರಿ. ಬಿಸ್ಕತ್ತನ್ನು ಚೀಲದಲ್ಲಿ ಹಾಕಿ ಲಟ್ಟಣಿಗೆಯಿಂದ ಪುಡಿ ಮಾಡುವುದು ಮಕ್ಕಳಿಗೆ ಅತ್ಯಂತ ಇಷ್ಟದ ಕೆಲಸ. ಎಲ್ಲ ಕಲಸಿ, ಉಂಡೆ ಕಟ್ಟಿ, ಕೊಬ್ಬರಿಯಲ್ಲಿ ಹೊರಳಿಸಿ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಬಿಸ್ಕತ್ತು ಮೊದಲೇ ಬೆಂದಿರುವುದರಿಂದ ಇಲ್ಲಿ ಹಸಿ ಹಿಟ್ಟಿನ ಸಮಸ್ಯೆ ಇಲ್ಲ.

ನಂಬಿಕೆ: ಅಡುಗೆಗೆ ಹಾಕಿದ ಮದ್ಯ ಪೂರ್ತಿ ಆವಿಯಾಗುತ್ತದೆ. ವಾಸ್ತವ: ತಪ್ಪು. ಅಮೆರಿಕದ ಕೃಷಿ ಇಲಾಖೆಯ ಲೆಕ್ಕದ ಪ್ರಕಾರ 15 ನಿಮಿಷ ಕುದಿಸಿದ ಮೇಲೂ ಸುಮಾರು 40%, ಒಂದು ಗಂಟೆಯ ನಂತರವೂ ಸುಮಾರು 25% ಆಲ್ಕೋಹಾಲ್ ಉಳಿಯುತ್ತದೆ. ಕೆಕ್ಸ್‌ಗೊಯೋವನ್ನಂತೂ ಒಲೆಗೆ ಇಡುವುದೇ ಇಲ್ಲ. ಹಾಕಿದ ರಮ್ ಬಹುತೇಕ ಹಾಗೇ ಉಂಡೆಯಲ್ಲಿರುತ್ತದೆ. ಮಗುವಿನ ತೂಕ ಕಡಿಮೆ, ಅದರ ಮೇಲೆ ಪರಿಣಾಮ ಹೆಚ್ಚು. ಜತೆಗೆ ಮಕ್ಕಳು ಒಂದೇ ಉಂಡೆಗೆ ನಿಲ್ಲಿಸುವುದಿಲ್ಲ. ರಮ್ ಬದಲು ಹಾಲು, ಕಿತ್ತಳೆ ಸಿಪ್ಪೆಯ ತುರಿ ಅಥವಾ ಏಲಕ್ಕಿ ಹಾಕಿ. ಬಾಟಲಿಯ ರಮ್ ಎಸೆನ್ಸ್ ಬಳಸುವುದಾದರೆ ಅದರ ದ್ರಾವಕ ಆಲ್ಕೋಹಾಲೇ ಎಂದು ಲೇಬಲ್ ಓದಿ ನೋಡಿ. ನೆಂಟರ ಮನೆಯಲ್ಲಿ ಇಂಥ ಉಂಡೆ ಕೊಟ್ಟರೆ ಮಗುವಿನ ಬಾಯಿಗೆ ಹೋಗುವ ಮೊದಲು ಒಂದು ಮಾತು ಕೇಳಿ.

ನಂಬಿಕೆ: ಸಿಹಿ ತಿಂದರೆ ಮಕ್ಕಳು ಹುಚ್ಚಾಪಟ್ಟೆ ಕುಣಿಯುತ್ತಾರೆ. ವಾಸ್ತವ: ಸಾಬೀತಾಗಿಲ್ಲ. 1995ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಸಕ್ಕರೆಯಿಂದ ಮಕ್ಕಳ ವರ್ತನೆ ಬದಲಾಗುತ್ತದೆ ಎನ್ನಲು ಅದರಲ್ಲಿ ಆಧಾರ ಸಿಗಲಿಲ್ಲ. ಹಬ್ಬ, ಹುಟ್ಟುಹಬ್ಬದ ಗದ್ದಲದಲ್ಲಿ ಮಕ್ಕಳು ಕುಣಿಯುತ್ತಾರೆ, ಅಲ್ಲಿ ಸಿಹಿಯೂ ಇರುತ್ತದೆ, ದೂರು ಸಿಹಿಯ ಮೇಲೆ ಬೀಳುತ್ತದೆ. ಹಾಗೆಂದು ಸಕ್ಕರೆಗೆ ಮಿತಿ ಬೇಡವೆಂದಲ್ಲ, ಹಲ್ಲು ಮತ್ತು ತೂಕದ ಪ್ರಶ್ನೆ ಇದ್ದೇ ಇದೆ. ದಿನದ ಶಕ್ತಿಯಲ್ಲಿ ಸೇರಿಸಿದ ಸಕ್ಕರೆಯ ಪಾಲು 10% ಮೀರಬಾರದು, 5%ಗಿಂತ ಕಡಿಮೆಯಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೇಲಿನ ಅಳತೆಯಲ್ಲಿ ಒಂದು ಉಂಡೆಗೆ ಸುಮಾರು ಒಂದು ಚಮಚ ಸಕ್ಕರೆ ಬೀಳುತ್ತದೆ. ದಿನಕ್ಕೆ ಒಂದೆರಡು ಸಾಕು.

4. ಮಾಕೋಶ್ ಗುಬಾ: ಗಸಗಸೆ ಎಂದರೆ ಅಫೀಮೇ?

ಉಳಿದು ಗಟ್ಟಿಯಾದ ಬನ್ನನ್ನು ಹೋಳು ಮಾಡಿ, ಸಕ್ಕರೆ ಹಾಕಿದ ಬಿಸಿ ಹಾಲಿನಲ್ಲಿ ನೆನೆಸಿ, ಮೇಲೆ ಪುಡಿ ಮಾಡಿದ ಗಸಗಸೆ ಉದುರಿಸಿದರೆ ಮಾಕೋಶ್ ಗುಬಾ. ಇದೂ ಕ್ರಿಸ್‌ಮಸ್ ಸಿಹಿ. 4 ಬನ್ನಿಗೆ ಅರ್ಧ ಲೀಟರ್ ಹಾಲು, 3–4 ದೊಡ್ಡ ಚಮಚ ಗಸಗಸೆ ಸಾಕು. ಅಲ್ಲಿಯ ಗಸಗಸೆ ನೀಲಿ-ಕಪ್ಪು, ನಮ್ಮ ಪಾಯಸದ್ದು ಬಿಳಿ. ಸಸ್ಯ ಮಾತ್ರ ಒಂದೇ.

ನಂಬಿಕೆ: ಗಸಗಸೆ ತಿಂದರೆ ಅಮಲು. ವಾಸ್ತವ: ಅಡುಗೆಯ ಪ್ರಮಾಣದಲ್ಲಿ ಇಲ್ಲ. ಅಫೀಮು ಬರುವುದು ಕಾಯಿಯ ಹಾಲಿನಿಂದ. ಬೀಜದ ಒಳಗೆ ಅದು ಇರುವುದಿಲ್ಲ. ಕೊಯ್ಲಿನಲ್ಲಿ ಬೀಜದ ಮೇಲೆ ಅಲ್ಪಸ್ವಲ್ಪ ಅಂಟಿರಬಹುದು. ತೊಳೆದು, ಹುರಿದು, ಪುಡಿ ಮಾಡಿದರೆ ಅದೂ ಕಡಿಮೆಯಾಗುತ್ತದೆ. ಆದರೆ ಎರಡು ಎಚ್ಚರಿಕೆ ಬೇಕೇ ಬೇಕು. ಒಂದು, ಮಗು ನಿದ್ದೆ ಮಾಡಲೆಂದು ಗಸಗಸೆ ನೆನೆಸಿದ ಅಥವಾ ಕುದಿಸಿದ ನೀರನ್ನು ಎಂದೂ ಕುಡಿಸಬೇಡಿ. ತೊಳೆಯದ ಬೀಜದ ಕಷಾಯದಿಂದ ಸಾವುಗಳೂ ಆಗಿವೆ. ಎರಡು, ಯುಎಇ, ಸೌದಿ ಅರೇಬಿಯಾದಂಥ ದೇಶಗಳಲ್ಲಿ ಗಸಗಸೆ ನಿಷಿದ್ಧ. ಗಲ್ಫ್‌ನಲ್ಲಿರುವ ಮಗಳಿಗೋ ಅಣ್ಣನಿಗೋ ಮಸಾಲೆ ಡಬ್ಬಿ ಕಟ್ಟಿಕೊಡುವಾಗ ಒಂದು ಚಿಟಿಕೆಯೂ ಸೇರದಂತೆ ನೋಡಿಕೊಳ್ಳಿ.

ಈ ಸಿಹಿಗೆ ಜೇನುತುಪ್ಪ ಹಾಕುವವರೂ ಇದ್ದಾರೆ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಬೇಡ. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಗಳು ಎಳೆಗೂಸಿನ ಕರುಳಿನಲ್ಲಿ ಬೆಳೆದು ವಿಷ ಉತ್ಪಾದಿಸುತ್ತವೆ. ಬಿಸಿ ಹಾಲಿಗೆ ಹಾಕಿದರೂ ಅವು ಸಾಯುವುದಿಲ್ಲ.

ಯಾವ ವಯಸ್ಸಿಗೆ ಯಾವ ಕೆಲಸ?

- 3–5 ವರ್ಷ: ತರಕಾರಿ ತೊಳೆಯುವುದು, ಬಿಸ್ಕತ್ತು ಪುಡಿ ಮಾಡುವುದು, ಉಂಡೆ ಹೊರಳಿಸುವುದು.
- 6–8 ವರ್ಷ: ಅಳತೆ ಮಾಡುವುದು, ಹಿಟ್ಟು ಕಲಸುವುದು, ಮೊಂಡು ಚಾಕುವಿನಿಂದ ಟೊಮೆಟೊ ಹೆಚ್ಚುವುದು.
- 9 ವರ್ಷದ ಮೇಲೆ: ದೊಡ್ಡವರು ಪಕ್ಕದಲ್ಲೇ ನಿಂತಿದ್ದರೆ ಸಣ್ಣ ಉರಿಯಲ್ಲಿ ಕೈಯಾಡಿಸುವುದು.

ಬಾಣಲೆಯ ಹಿಡಿ ಒಳಮುಖವಾಗಿರಲಿ. ಕೈ ಸುಟ್ಟರೆ ಟೂತ್‌ಪೇಸ್ಟ್, ಬೆಣ್ಣೆ, ಐಸ್ ಯಾವುದೂ ಬೇಡ. 20 ನಿಮಿಷ ನಲ್ಲಿಯ ತಣ್ಣೀರಿನಡಿ ಹಿಡಿಯಿರಿ, ಗಾಯ ದೊಡ್ಡದಿದ್ದರೆ ವೈದ್ಯರ ಬಳಿ ಹೋಗಿ.

ಒಟ್ಟಿನಲ್ಲಿ: ಮಕ್ಕಳ ಜತೆ ಈ ನಾಲ್ಕನ್ನೂ ಧಾರಾಳವಾಗಿ ಮಾಡಬಹುದು. ರಮ್ ಬೇಡ, ಹಸಿ ಹಿಟ್ಟು ಬಾಯಿಗೆ ಬೇಡ, ಎಳೆಗೂಸಿಗೆ ಜೇನು ಬೇಡ, ಗಸಗಸೆ ಕಷಾಯ ಬೇಡ. ಮುಂದಿನ ಸಲ ‘ಒಲೆ ಬೇಡದ ಸಿಹಿ’ ವಿಡಿಯೊ ಬಂದಾಗ ಫಾರ್ವರ್ಡ್ ಒತ್ತುವ ಮುಂಚೆ ಅದರಲ್ಲಿ ಏನೇನು ಹಾಕಿದ್ದಾರೆ ಎಂದು ಕೊನೆಯವರೆಗೆ ನೋಡಿ. ಕಳಿಸುವುದಾದರೆ ಈ ನಾಲ್ಕು ಎಚ್ಚರಿಕೆಗಳನ್ನೂ ಜತೆಗೇ ಕಳಿಸಿ.