ಎರಡನೇ ಫ್ಲಾಪಿ

ಹೋದ ತಿಂಗಳು ಹರಿಹರದ ಮನೆಯ ಅಟ್ಟ ಗುಡಿಸುವಾಗ ಎರಡು ಕಪ್ಪು ಫ್ಲಾಪಿ ಸಿಕ್ಕವು. ಲೇಬಲ್ ಮೇಲೆ ನನ್ನದೇ ಕೋಳಿಕಾಲು ಅಕ್ಷರ: ಡೂಮ್ 1, ಡೂಮ್ 2. ಈಗಿನ ಹುಡುಗರಿಗೆ ಇದನ್ನು ತೋರಿಸಿದರೆ 'ಸೇವ್ ಬಟನ್' ಅಂತಾರೆ!

ಮೂರೂವರೆ ಇಂಚಿನ ಈ ಬಿಲ್ಲೆಯ ಲೆಕ್ಕ ಸರಳ. ಎರಡು ಮೈ, ಮೈಗೆ 80 ಸುತ್ತು, ಸುತ್ತಿಗೆ 18 ತುಂಡು, ತುಂಡಿಗೆ 512 ಬೈಟ್. ಒಟ್ಟು 14,74,560 ಬೈಟ್. ಇವತ್ತು ಮೊಬೈಲಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸೋದು ಕಷ್ಟ. ಆದರೆ ಪ್ರಿನ್ಸ್ ಆಫ್ ಪರ್ಷಿಯಾ ಇಡೀ ಆಟ ಒಂದೇ ಫ್ಲಾಪಿಯಲ್ಲಿ ಕೂರುತ್ತಿತ್ತು. ಜೋರ್ಡಾನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಜಿಗಿಸಿ, ಅದರ ವಿಡಿಯೊ ನೋಡಿ ಆ ರಾಜಕುಮಾರನ ನಡಿಗೆ ಬರೆದಿದ್ದ.

ಡೂಮ್ ಬಂದದ್ದು 1993ರ ಡಿಸೆಂಬರ್‌ನಲ್ಲಿ. ಅದರ ಮೊದಲ ಭಾಗ ಪುಕ್ಕಟೆ. ನಕಲು ಮಾಡಿ ಹಂಚಿ ಅಂತ ಮಾಡಿದವರೇ ಬಿಟ್ಟಿದ್ದರು. ಕುಗ್ಗಿಸಿದರೂ ಎರಡು ಫ್ಲಾಪಿ ಬೇಕಿತ್ತು. ನಮ್ಮೂರಿಗೆ ಅದು ತಲುಪಿದ್ದು 1996ರಲ್ಲಿ. ಹರಿಹರ ಆಗಿನ್ನೂ ಚಿತ್ರದುರ್ಗ ಜಿಲ್ಲೆ. ದೇಶದಲ್ಲಿ ಇಂಟರ್ನೆಟ್ ಶುರುವಾಗಿ ವರ್ಷವಾಗಿತ್ತು, ಅದೂ ದೊಡ್ಡ ಊರುಗಳಲ್ಲಿ ಮಾತ್ರ. ನಮಗೆ ಪಿ.ಬಿ. ರಸ್ತೆಯ ಬಸ್ಸೇ ಇಂಟರ್ನೆಟ್ಟು.

ದೊಡ್ಡಮ್ಮನ ಮಗ ಅಣ್ಣ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದ್ತಿದ್ದ. ಅವನ ಹತ್ರ ಕಾಪಿ ಮಾಡಿಸಿಕೊಂಡು, ಅಂಗಿ ಜೇಬಲ್ಲಿಟ್ಟುಕೊಂಡು ಬಂದೆ. ನಮ್ಮ ಕಂಪ್ಯೂಟರ್ ಕ್ಲಾಸಿನ ಸರ್ ಭಾನುವಾರ ಒಂದು ತಾಸು ಆಟಕ್ಕೆ ಬಿಡುತ್ತಿದ್ದರು. ಮೊದಲನೆಯದು ಹೋಯಿತು. ಎರಡನೆಯದು ಹಾಕಿದರೆ ಡ್ರೈವ್ ಕರ್ ಕರ್ ಅಂದು ನಿಂತಿತು. ಅಬಾರ್ಟ್, ರಿಟ್ರೈ, ಫೇಲ್? ಒಂದು ತಾಸು ರಿಟ್ರೈ ಒತ್ತಿದ್ದೇ ಬಂತು.

ಮುಂದಿನ ವಾರ ಮತ್ತೆ ದಾವಣಗೆರೆಗೆ ಹೋದೆ. ಅಣ್ಣ ರೂಮಲ್ಲಿರಲಿಲ್ಲ. ಮೇಜಿನ ಮೇಲೆ ಲೇಬಲ್ ಇಲ್ಲದ ಫ್ಲಾಪಿ ಒಂದಿತ್ತು. ಖಾಲಿ ಇರಬೇಕು ಅಂದುಕೊಂಡು ಎತ್ತಿಕೊಂಡೆ. ಅವನ ಗೆಳೆಯನೊಬ್ಬ ಲ್ಯಾಬಿಗೆ ಕರೆದೊಯ್ದ. ಫಾರ್ಮ್ಯಾಟ್ ಎ: ಅಂತ ಹೊಡೆದೆ. ಎಂಟರ್. ಅದರ ಮೇಲೆ ಡೂಮ್.

ಅದರಲ್ಲಿದ್ದದ್ದು ಅಣ್ಣನ ಕೊನೇ ವರ್ಷದ ಪ್ರಾಜೆಕ್ಟ್ ರಿಪೋರ್ಟ್. ಇನ್ನೊಂದು ಪ್ರತಿ ಇರಲಿಲ್ಲ. ಎರಡು ರಾತ್ರಿ ಕೂತು ಪೂರ್ತಿ ಮತ್ತೆ ಟೈಪ್ ಮಾಡಿದನಂತೆ. ಇದು ನನಗೆ ಗೊತ್ತಾದದ್ದು ಹದಿನೈದು ದಿನ ಬಿಟ್ಟು, ನಾನು ಆಟದಲ್ಲಿ ಆರನೇ ಹಂತ ದಾಟಿದ್ದೀನಿ ಅಂತ ಹೇಳೋಕೆ ಹೋದಾಗ.

"ಹೋಗ್ಲಿ ಬಿಡಲೇ, ಲೇಬಲ್ ಹಚ್ಚದಿದ್ದದ್ದು ನನ್ನ ತಪ್ಪು" ಅಂದ. ಅಮ್ಮನಿಗೂ ಹೇಳಲಿಲ್ಲ.

ಸೋನಿ ಕಂಪನಿ 2011ರಲ್ಲಿ ಫ್ಲಾಪಿ ಮಾರೋದನ್ನೇ ನಿಲ್ಲಿಸಿತು. ಯುಎಸ್‌ಬಿ ಡ್ರೈವ್ ಒಂದನ್ನು ಹುಡುಕಿ ತರಿಸಿ, ಅಣ್ಣನಿಗೆ ವಿಡಿಯೊ ಕಾಲ್ ಮಾಡಿ, ಅವನ ಎದುರೇ ಎರಡನೇ ಫ್ಲಾಪಿ ಹಾಕಿದೆ. ಓದಲಿಲ್ಲ. ಕಾಂತದ ಮೇಲಿನ ಬರಹ ಇಷ್ಟು ವರ್ಷ ತಡೆಯೋದು ಕಷ್ಟವೇ. ಫಾರ್ಮ್ಯಾಟ್ ಮಾಡಲಾ ಅಂತ ವಿಂಡೋಸ್ ಕೇಳಿತು.

ಅಣ್ಣ ಆ ಕಡೆಯಿಂದ ನಗುತ್ತಿದ್ದ. ಈ ಸಲ ಬೇಡ ಅಂತ ಒತ್ತಿದೆ.